ದೀಪದ ಕಡೆಗೆ ಊದುವ ಫ್ಯಾನು

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋದ ವರ್ಷ ನಾನು ಕಂಪ್ಯೂಟರ್ ಜೋಡಿಸಿದೆ. ಅವರು ಹಿಂದೆ ಹಾಡಿದ ದೇವರನಾಮಗಳ ಒಂದೇ ಒಂದು ಕ್ಯಾಸೆಟ್ಟು ಮನೆಯಲ್ಲಿತ್ತು. ಅದು ಪೂರ್ತಿ ಸವೆಯುವ ಮೊದಲು ಆ ದನಿಯನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಟ್ಟುಕೊಳ್ಳಬೇಕಿತ್ತು. ಇನ್ನು ಮಾತು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಅಪ್ಪ ಬಾಯಿ ಬಿಟ್ಟು ಮಾತಾಡುವ ತನಕ ಎಂದು ಹರಕೆ ಹೊತ್ತು ದೇವರಮನೆಯಲ್ಲಿ ನಂದಾದೀಪ ಹಚ್ಚಿದ್ದಳು.

ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಕ್ಯಾಬಿನೆಟ್ ಆರಿಸಲು ಎಸ್.ಪಿ. ರೋಡಿನ ಅಂಗಡಿಗಳಿಗೆ ಆಫೀಸಿನ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಅವನು ಒಂದು ದೊಡ್ಡ ಡಬ್ಬದ ಮುಂದೆ ನಿಂತುಬಿಟ್ಟ. “ಇದು ತಗೋ ಗುರು. ಮುಂದೆ ಪೂರ್ತಿ ಜಾಲರಿ. ಮುಂದಿನ ಫ್ಯಾನು ತಣ್ಣನೆ ಗಾಳಿ ಎಳ್ಕೊಳ್ಳತ್ತೆ, ಹಿಂದಿಂದು ಬಿಸಿ ಹೊರಗೆ ಹಾಕತ್ತೆ. ಗಾಳಿ ಹರೀಬೇಕು, ಅಷ್ಟೇ.”

ಗಾಳಿ ಹರಿಯಬೇಕು ಸರಿ, ಡಬ್ಬ ಇಡುವುದೆಲ್ಲಿ? ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಅಪ್ಪನ ಮಂಚ ಹಾಕಿದ ಮೇಲೆ ಉಳಿದಿದ್ದು ಒರಳುಕಲ್ಲು ಹಿಡಿಸುವಷ್ಟು ಜಾಗ. ಮೂರು ಪಿನ್ನಿನ ಪ್ಲಗ್ ಇದ್ದದ್ದೂ ಅಲ್ಲೇ, ದೇವರಮನೆಯ ಬಾಗಿಲ ಪಕ್ಕ. ಕೊನೆಗೆ ಮುಂದೆ ಜಾಲರಿಯ ಬದಲು ಮುಚ್ಚಿದ ಬಾಗಿಲಿದ್ದ, ಕಿರಿದಾದ ಒಂದು ಕ್ಯಾಬಿನೆಟ್ ಕೊಂಡೆ. “ಮೂಗು ಮುಚ್ಕೊಂಡು ಓಡು ಅಂದಂಗಾಯ್ತು,” ಎಂದು ಗೆಳೆಯ ಗೊಣಗಿದ. ಗೊಣಗಿಕೊಂಡೇ ಬಂದು ಎರಡೂ ಫ್ಯಾನು ಕೂರಿಸಿಕೊಟ್ಟ.

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಹಾಕಿದ್ದೇ ತಡ, ದೇವರಮನೆಯಿಂದ ಅಮ್ಮ ಕೂಗಿದಳು. “ಏನೋ ಇದು, ದೇವರ ಮುಖಕ್ಕೇ ಬಿಸಿಗಾಳಿ ಊದ್ತಿದೆಯಲ್ಲೋ. ದೀಪ ಶಾಂತವಾಗ್ಬಿಡ್ತು.” ಆರಿತು ಎಂಬ ಮಾತನ್ನು ಅವಳು ಬಾಯಲ್ಲಿ ತರುತ್ತಿರಲಿಲ್ಲ. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ತುರುಕಿದಳು. ದೀಪ ನಾನೇ ಹಚ್ಚಿಕೊಟ್ಟೆ.

ಡಬ್ಬವನ್ನು ತಿರುಗಿಸಿಟ್ಟರೆ ಬಿಸಿಗಾಳಿ ನೇರ ಅಪ್ಪನ ಮುಖಕ್ಕೆ. ಪ್ಲಗ್ ಬೇರೆ ಕಡೆ ಹಾಕಿಸಲು ಮನೆಯ ಮಾಲೀಕರು ಬಿಡುವವರಲ್ಲ. ದೇವರನ್ನು ಕದಲಿಸೋಣವೇ ಅಂತ ಅಮ್ಮನನ್ನು ಕೇಳುವ ಧೈರ್ಯ ನನಗಿರಲಿಲ್ಲ. “ಫ್ಯಾನೇ ಆ ಕಡೆ ತಿರುಗ್ಸೋ,” ಎಂದಳು. ಸ್ಕ್ರೂ ಬಿಚ್ಚಿ ಹಿಂದಿನ ಫ್ಯಾನನ್ನು ಉಲ್ಟಾ ಕೂರಿಸಿದೆ. ಈಗ ಎರಡೂ ಫ್ಯಾನು ಒಳಕ್ಕೇ ಎಳೆಯುತ್ತಿದ್ದವು. ದೀಪ ಅಲುಗದೆ ಉರಿಯಿತು. ಅಮ್ಮನ ಮುಖ ನೋಡಿ ನನಗೂ ಸಮಾಧಾನವೇ ಆಯಿತು.

ಟೇಪ್ ರೆಕಾರ್ಡರಿನಿಂದ ವೈರು ಎಳೆದು, ಅಮ್ಮ ತರಕಾರಿಗೆ ಹೋಗಿದ್ದಾಗ ಒಂದು ಚೂರು ಇಳಿಸಿ ನೋಡಿದೆ. ಹಾಡಿಗೆ ಮೊದಲು ಅಪ್ಪ ಕೆಮ್ಮಿ ಏನೋ ಅನ್ನುವಷ್ಟು, ಅಷ್ಟೇ. ದನಿ ಚೆನ್ನಾಗಿಯೇ ಬಂದಿತ್ತು. ಪೂರ್ತಿ ಇಳಿಸುವುದು ರಜೆ ಸಿಕ್ಕಾಗ ಎಂದುಕೊಂಡೆ. ರಜೆ ಸಿಗುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಆ ಮಧ್ಯಾಹ್ನ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುತ್ತ ಬಂದಿತ್ತು, ಅಪ್ಪನ ದನಿ ಮೇಲಿನ ಷಡ್ಜಕ್ಕೆ ಏರಿತ್ತು, ಕಂಪ್ಯೂಟರ್ ಪಟ್ಟನೆ ಆಫ್ ಆಯಿತು. ಅಷ್ಟು ಹೊತ್ತು ಇಳಿಸಿದ್ದೆಲ್ಲ ಹೋಯಿತು. ಡಬ್ಬ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಚ್ಚಿ ನೋಡಿದರೆ, ಉಲ್ಟಾ ಫ್ಯಾನು ದೀಪದ ಹೊಗೆ, ಊದುಬತ್ತಿ ಹೊಗೆ ಎಲ್ಲ ಎಳೆದು ಎಳೆದು, ಬಿಸಿ ತಣಿಸುವ ಒಳಗಿನ ತಗಡುಗಳಿಗೆ ಎಣ್ಣೆಮಸಿ ಮೆತ್ತಿಬಿಟ್ಟಿತ್ತು. ಒರೆಸಿದೆ. ಇನ್ನೊಮ್ಮೆ ಇಳಿಸೋಣ ಎಂದು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದರೆ ಟೇಪು ರೋಲರಿಗೆ ಸುತ್ತಿಕೊಂಡು ಚೂರುಚೂರಾಯಿತು. ಯಾರನ್ನು ಬೈಯಲಿ? ದೀಪವನ್ನೇ, ಅಮ್ಮನನ್ನೇ? ಆ ಚೂರುಗಳನ್ನು ಆರಿಸಿ ತಟ್ಟೆಯಲ್ಲಿಟ್ಟೆ.

ಸಂಜೆ, ಉಳಿದದ್ದು ಅದೊಂದೇ ಎಂದು, ಕಂಪ್ಯೂಟರಿಗೆ ಮೊದಲು ಇಳಿಸಿದ್ದ ಆ ಚೂರು ದನಿಯನ್ನು ಹಾಕಿದೆ. ಅಪ್ಪ ಕೆಮ್ಮಿದರು. “ಏನೇ, ಆ ಬಾಗ್ಲು ಹಾಕು. ಗಾಡಿ ಸದ್ದು ಜಾಸ್ತಿ.” ಅಲ್ಲಿಗೆ ಮುಗಿಯಿತು.

“ಬಂದೆ ರೀ,” ಎನ್ನುತ್ತ ಅಮ್ಮ ಅಡುಗೆಮನೆಯಿಂದ ಬಂದಳು. ಒದ್ದೆ ಕೈಯಲ್ಲೇ ಹೋಗಿ ಬೀದಿಬಾಗಿಲು ಹಾಕಿದಳು. ಚಿಲಕದ ಮೇಲೆ ಕೈಯಿಟ್ಟವಳು ಹಾಗೆಯೇ ನಿಂತಳು. ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಅಪ್ಪನ ಮಂಚದ ಹತ್ತಿರ ಬಂದು ಅವರ ಗಲ್ಲ ಹಿಡಿದುಕೊಂಡಳು.

“ಮಾತು ಬಂತಲ್ರೀ. ಇನ್ನೊಂದ್ಸಲ ಹೇಳಿ.”

ಅದು ಕಂಪ್ಯೂಟರಿನದು ಕಣಮ್ಮಾ ಎನ್ನಲು ನನಗೆ ಬಾಯಿ ಬರಲಿಲ್ಲ. ಅಪ್ಪ, ಪಾಪ, ಅವಳ ಮುಖವನ್ನೇ ನೋಡುತ್ತ ಬಾಯಿ ತೆರೆದು ತುಂಬ ಹೊತ್ತು ಪ್ರಯತ್ನಪಟ್ಟರು.