ವೀರಗಲ್ಲಿನ ಬಳಿ ನಿಧಿಗಳ್ಳನಾದೆ

ಇದು ಕಳೆದ ದಸರಾ ರಜೆಯ ಮಾತು. ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲ್ ಮೇಷ್ಟ್ರು. ರಜೆ ಬಂದರೆ ಮನೆಯಲ್ಲೇ ಕೂತು, ಬಿ.ಪಿ. ಏರಿತೇ ಎಂದು ನೋಡಿಕೊಳ್ಳುವ ಪೈಕಿ. ಗೆಳೆಯ ಶಿವಮಲ್ಲು ಬಿಡಲಿಲ್ಲ. ಅವನಿಗೆ ಜಿಯೋಕ್ಯಾಚಿಂಗ್ ಎಂಬ ಹೊಸ ಹುಚ್ಚು. ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಗುರುತನ್ನು ಮೊಬೈಲಿನ ಆ್ಯಪ್‌ಗೆ ಹಾಕಿರುತ್ತಾರೆ. ನಾವು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ ಆಟ.

ಅವನ ಹೊಸ ಬೈಕಿನಲ್ಲಿ ಹೊರಟೆವು. ನಾನು ಬ್ಯಾಗಿಗೆ ಮಾತ್ರೆ, ನೀರು, ಹಾವಿದ್ದರೆ ಎಂದು ಒಂದು ಕಬ್ಬಿಣದ ಸಲಾಕೆ ತುಂಬಿಕೊಂಡೆ. ಸಾಲದ್ದಕ್ಕೆ, ಹೊಸ ಗಾಡಿಗೆ ದೃಷ್ಟಿಯಾದೀತೆಂದು ಕುಂಕುಮ ಹಚ್ಚಿದ ನಾಲ್ಕು ನಿಂಬೆಹಣ್ಣು.

ಮಾಂಬಳ್ಳಿ ದಾಟಿ ಒಂದು ಕೆರೆ ಏರಿಯ ಮೇಲೆ, ಹಳೆಯ ವೀರಗಲ್ಲಿನ ಹತ್ತಿರ ಫೋನು ಇಲ್ಲೇ ಎಂದು ತೋರಿಸಿತು. ನಾನು ಮಂಡಿಯೂರಿ ಕಲ್ಲುಗಳ ಸಂದಿಗೆ ಸಲಾಕೆ ಹಾಕಿದ್ದೆನಷ್ಟೆ.

“ಏನ್ ಅಗೀತಾ ಇದ್ದೀರಿ?”

ತಿರುಗಿದರೆ ಕುಡುಗೋಲು ಹಿಡಿದ ಅಜ್ಜಿಯೊಬ್ಬಳು. ಅವಳ ಹಿಂದೆ ಗದ್ದೆಯಿಂದ ಬಂದ ಏಳೆಂಟು ಜನ, ಜೊತೆಗೆ ಮೊಬೈಲು ಎತ್ತಿ ಹಿಡಿದ ಊರಿನ ಬೀಡಿ ಅಂಗಡಿಯವನು.

“ಡಬ್ಬಿ ಹುಡುಕ್ತಿದ್ದೀವಿ” ಎಂದೆ. ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ.

“ನಿಧಿ ತಗಿಯಾಕೆ ಬಂದವ್ರೆ ಕಣ್ಲಾ. ಬ್ಯಾಗ್ ನೋಡು.”

ಒಬ್ಬ ಬ್ಯಾಗು ಸುರಿದ. ನಿಂಬೆಹಣ್ಣುಗಳು ಕುಂಕುಮ ಸಮೇತ ಉರುಳಿದವು. “ಪೂಜೆಗೂ ರೆಡಿಯಾಗಿ ಬಂದವ್ರೆ” ಎಂದ. ಅವರನ್ನು ಏನೆನ್ನಲಿ? ಹಿಂದೊಮ್ಮೆ ನಿಧಿಯ ಆಸೆಗೆ ಯಾರೋ ಆ ವೀರಗಲ್ಲನ್ನು ಕಿತ್ತು ಎರಡು ತುಂಡು ಮಾಡಿದ್ದರಂತೆ. ಸಿಮೆಂಟಿನ ತೇಪೆ ಕಾಣುತ್ತಿತ್ತು.

ಅಷ್ಟರಲ್ಲಿ ಶಿವಮಲ್ಲುವಿಗೆ ಡಬ್ಬಿ ಸಿಕ್ಕಿತು. ಅಜ್ಜಿಯ ಕೈಗೇ ಕೊಟ್ಟ. ತೆರೆದರೆ ಒಂದು ಪುಸ್ತಕ, ಒಂದು ಮುರುಕು ಕೀಚೈನು. ಆಟ ಏನೆಂದು ಅವನು ವಿವರಿಸಿದ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇದ್ಕಾ ಕೊಳ್ಳೇಗಾಲದಿಂದ ಪೆಟ್ರೋಲ್ ಆಕಿಸ್ಕಂಡು ಬಂದ್ರಿ?”

ಎಲ್ಲರೂ ನಕ್ಕರು. “ತಪ್ಪು ತಿಳ್ಕಬ್ಯಾಡಿ ಸಾ” ಎಂದು ಅಜ್ಜಿ ಮಜ್ಜಿಗೆ ತರಿಸಿಕೊಟ್ಟಳು. ಮೊದಲಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ ಬೀಡಿ ಅಂಗಡಿಯವನಂತೂ ಪೆನ್ನು ಇಸಿದುಕೊಂಡು ನಮ್ಮ ಹೆಸರಿನ ಕೆಳಗೆ ತನ್ನದನ್ನೂ ಬರೆದ. ನೆನಪಿಗೆ ವಿಡಿಯೊ ಕಳಿಸುತ್ತೇನೆಂದು ಶಿವಮಲ್ಲುವಿಗೆ ನಂಬರನ್ನೂ ಕೊಟ್ಟ.

ನಾವು ಕೊಳ್ಳೇಗಾಲ ತಲುಪುವ ಮೊದಲೇ ಹೆಂಡತಿಯ ಫೋನು. “ನಿಧಿ ಕಳ್ರು ಸಿಕ್ಕಾಕಂಡ್ರು ಅಂತ ನಿಮ್ಮ ವಿಡಿಯೊ ಗ್ರೂಪಲ್ಲಿ ಬಂದದೆ ಕಣ್ರಿ.”

ವಿಡಿಯೊ ನಿಂಬೆಹಣ್ಣು ಉರುಳುವಲ್ಲಿಗೆ ನಿಂತಿತ್ತು. ಡಬ್ಬಿ ಇಲ್ಲ, ನಗು ಇಲ್ಲ, ಮಜ್ಜಿಗೆ ಇಲ್ಲ. ಶಿವಮಲ್ಲುವಿನಿಂದ ನಂಬರು ಇಸಿದುಕೊಂಡು ಅಂಗಡಿಯವನಿಗೆ ಫೋನು ಮಾಡಿದೆ. ಎಲ್ಲ ಗೊತ್ತಿದ್ದೂ ಹೀಗೇಕೆ ಮಾಡಿದೆಯಪ್ಪಾ ಎಂದೆ.

“ನಗಾಡಿದ್ದು ಆಕುದ್ರೆ ಯಾರ್ ನೋಡ್ತಾರೆ ಸಾ?” ಎಂದ, ನನಗೇ ಬುದ್ಧಿ ಹೇಳುವವನ ಹಾಗೆ.

ಹಾವು, ಪಂಕ್ಚರು, ಬಿಸಿಲು ಎಲ್ಲಕ್ಕೂ ಹೆದರಿ ಹೊರಟಿದ್ದವನು ನಾನು. ಇದಕ್ಕೊಂದಕ್ಕೆ ಹೆದರಬೇಕೆಂದು ಹೊಳೆದಿರಲಿಲ್ಲ. ಅಜ್ಜಿ ಗೊತ್ತಿಲ್ಲದೆ ಕಳ್ಳ ಎಂದಳು, ಗೊತ್ತಾದೊಡನೆ ತಪ್ಪಾಯಿತೆಂದಳು. ಇವನು ಗೊತ್ತಾದ ಮೇಲೆ ಕಳ್ಳ ಎಂದ.

ಶಾಲೆ ತೆರೆದ ದಿನ ಹೆಡ್‌ಮಾಸ್ಟರು ಕರೆದರು. “ನನಗೆ ನೀವು ಗೊತ್ತು ಮೇಷ್ಟ್ರೇ. ಆದ್ರೂ ಪೋಷಕರು ಕೇಳ್ತಾವ್ರೆ, ಒಂದು ಹೇಳಿಕೆ ಬರಕೊಡಿ” ಎಂದರು. ಇಪ್ಪತ್ತಾರು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ. ಅಂದು ಸ್ಟಾಫ್ ರೂಮಿನಲ್ಲಿ ಕೂತು, ನಾನು ಕಳ್ಳನಲ್ಲ ಎಂಬುದನ್ನು ಯಾವ ವಾಕ್ಯದಿಂದ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಆ ಅಂಗಡಿಯವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.