ಬೆಡಗು, ಬೇಡಗ

ಅವಳು ಕೇಳಿದ್ದಳು. ಕೇಳಲೇ ಇಲ್ಲ ಎಂದು ನಾನು ಬರೆದೆ — ಊರೂರಿನ ಜನ ಓದುವ ಜಾಗದಲ್ಲಿ, ನನ್ನ ಹೆಸರು ಹಾಕಿ. ಬರೆಯುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಮೂರು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ. ಆಡಲು ಮನೆಯಲ್ಲಿ ಯಾರಿದ್ದಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಒಂದು ನೆಪ.

ಮಹಾರಾಷ್ಟ್ರದ ಮಿರಜದಲ್ಲಿ ನಮ್ಮ ಸಮಾಜದವರು ನನ್ನನ್ನು ವಹಿ ಕಾಕಾ ಎನ್ನುತ್ತಾರೆ. ಮೆಟ್ರಿಕ್ ಮುಗಿಸಿ ರೈಲ್ವೆಯ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಮದುವೆಗೆ ಬಂದ ಗಂಡು ಹೆಣ್ಣುಗಳ ವಿವರ ಬರೆದಿಡುವ ವಹಿ — ದಪ್ಪ ರಟ್ಟಿನ ಪುಸ್ತಕ — ನಲವತ್ತು ವರ್ಷದಿಂದ ನನ್ನ ಬಳಿ ಇದೆ. ಹೆಸರು, ಊರು, ಓದು, ಬೆಡಗು. ಬೆಡಗು ಎಂದರೆ ನಮ್ಮಲ್ಲಿ ಕುಲದ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರು, ಅವರೊಳಗೆ ಮದುವೆಯಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ವಹಿಯೇ ನನ್ನ ಮನೆಗೆ ಜನರನ್ನು ಕರೆತರುತ್ತಿತ್ತು. ಸಾಂಗ್ಲಿಯಿಂದ, ಡಿಗ್ರಜದಿಂದ ಬರುತ್ತಿದ್ದರು. ಪುಟ ತಿರುವುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಕೆಲಸ ಮುಗಿದರೂ ಏಳುತ್ತಿರಲಿಲ್ಲ.

ಇದನ್ನೆಲ್ಲ ಇಂಟರ್ನೆಟ್ಟಿಗೆ ಹಾಕೋಣ ಎಂದು ಸಮಾಜದ ಅಧ್ಯಕ್ಷರು ಹೇಳಿದರು. ನಾವು ವಿಚಾರಿಸಿದ ಕಂಪ್ಯೂಟರ್ ಅಂಗಡಿಗಳಲ್ಲಿ ನನ್ನ ಕನ್ನಡ ಅಕ್ಷರ ಓದುವವರಿರಲಿಲ್ಲ. ಮನೆಯಲ್ಲೇ ಕುಳಿತು ಬಿಡಿ ಕೆಲಸ ಮಾಡಿಕೊಡುವ ಪ್ರೋಗ್ರಾಮರುಗಳು ಸಿಗುವ ವೆಬ್‌ಸೈಟೊಂದಿದೆ ಎಂದರು. ಹುಡುಕುವ ಹೊಣೆ ನನಗೇ ಬಂತು. ಬೇಕಾದ ಕೆಲಸವೇನೆಂದು ಬರೆದು ಹಾಕಿದ ಅರ್ಧ ಗಂಟೆಯಲ್ಲಿ ಹತ್ತಾರು ಉತ್ತರ. ಎಲ್ಲರೂ ಆಗುತ್ತದೆ ಎಂದವರೇ. ಏನಾಗಬೇಕು ಎಂದು ಓದಿದವರು ಕಡಿಮೆ — ಒಬ್ಬನಂತೂ ನಿಮ್ಮ ಹೋಟೆಲಿಗೆ ಚೆಂದದ ಸೈಟು ಮಾಡಿಕೊಡುತ್ತೇನೆ ಎಂದು ಬರೆದಿದ್ದ.

ಅರಸೀಕೆರೆಯ ಭಾರತಿ ಮಾತ್ರ ಆಗುತ್ತದೆ ಎನ್ನಲಿಲ್ಲ. ವಹಿಯ ನಾಲ್ಕು ಪುಟಗಳ ಫೋಟೋ ಕಳಿಸಿ, ನೋಡದೆ ಹೇಳಲಾರೆ ಎಂದಳು. ಗಂಟಿನಲ್ಲಿ ಏನಿದೆ ಎಂದು ಕೇಳುವ ಹಮಾಲನೇ ಅದನ್ನು ಒಡೆಯದೆ ಮುಟ್ಟಿಸುತ್ತಾನೆ — ಪಾರ್ಸಲ್ ಕಚೇರಿ ನನಗೆ ಕಲಿಸಿದ್ದು ಅಷ್ಟೇ. ಅವಳನ್ನೇ ಗೊತ್ತುಮಾಡಿದೆ. ಕೇಳುತ್ತಾಳೆ ಎಂಬ ಒಂದೇ ಕಾರಣಕ್ಕೆ.

ಮೊದಲ ಸಲ ಫೋನಿನಲ್ಲಿ ಅವಳು, "ಕಾಕಾ, ನಮ್ಮ ಕಡೆ ಬೆಡಗು ಅಂದ್ರೆ ಚೆಲುವು. ನೀವು ಗಂಡುಮಕ್ಕಳಿಗೂ ಬೆಡಗು ಬರ್ದಿದೀರಲ್ಲ, ಎಲ್ರೂ ಅಷ್ಟು ಚೆಂದಾನಾ?" ಎಂದಳು.

"ಚೆಂದಿದ್ರ ನನ್ನ ವಹಿಗೆ ಯಾಕ ಬರ್ತಿದ್ರವಾ?" ಎಂದೆ.

ಇಬ್ಬರೂ ನಕ್ಕೆವು. ಹೆಂಡತಿ ಹೋದ ಮೇಲೆ ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಬೆಡಗಿನ ಅರ್ಥ ಬಿಡಿಸಿ ಹೇಳಿದೆ. ಅಂದಿನಿಂದ ಎರಡು ತಿಂಗಳು ಮಧ್ಯಾಹ್ನ ಅವಳ ಫೋನು ಬರುತ್ತಿತ್ತು, ಏನಾದರೊಂದು ಪ್ರಶ್ನೆ ಇಟ್ಟುಕೊಂಡು. ಊಟ ಮುಗಿಸಿ ನಾನು ಕಾಯುತ್ತಿದ್ದೆ. ಈಗ ಬರೆಯುವಾಗ ಅನ್ನಿಸುತ್ತದೆ — ಇರಲಿ.

ಬೇಡಗ ನಮ್ಮ ತಾಲೂಕಿನ ಒಂದು ಊರು. ಅಲ್ಲಿಯ ಮನೆತನಗಳೆಲ್ಲ ನನಗೆ ಬಾಯಿಪಾಠ. ಅವರ ಬೆಡಗು ಬರೆಯುವ ಗೋಜಿಗೆ ಹೋಗದೆ ಆ ಜಾಗದಲ್ಲಿ ಬರೀ ಊರ ಹೆಸರು ಗೀಚಿಬಿಡುತ್ತಿದ್ದೆ. ಅವಸರದಲ್ಲಿ ದೀರ್ಘವೂ ಬಿಟ್ಟುಹೋಗಿ 'ಬೆಡಗ' ಎಂದಾಗುತ್ತಿತ್ತು. ಓದುವವನು ನಾನೊಬ್ಬನೇ ಇರುವತನಕ ಅದರಿಂದ ಏನೂ ಕೆಡಲಿಲ್ಲ.

ಭಾರತಿ ಅದನ್ನು ಹಿಡಿದಳು. "ಕಾಕಾ, ಹನ್ನೊಂದು ಕಡೆ ಬೆಡಗಿನ ಜಾಗದಲ್ಲಿ 'ಬೆಡಗ' ಅಂತಷ್ಟೇ ಇದೆ. ಇದು ಬೆಡಗಿನ ಹೆಸರೋ, ಊರೋ? ದಯವಿಟ್ಟು ವಹಿ ನೋಡಿ ಹೇಳಿ," ಎಂದು ಬರೆದು ಕಳಿಸಿದಳು.

ಅಂದು ಮನೆಯಲ್ಲಿ ನಾಲ್ಕು ಜನ ಕುಳಿತಿದ್ದರು. ವಹಿ ಅವರ ಕೈಯಲ್ಲಿತ್ತು. ಇಸಿದುಕೊಂಡು ನೋಡಬಹುದಿತ್ತು. ನೋಡಲಿಲ್ಲ. ಅವರ ಎದುರೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಉತ್ತರ ಹೇಳಿ ಕಳಿಸಿದೆ: "ಅದ ಬೆಡಗವಾ. ಹಂಗ ಹಾಕು. ಎಷ್ಟ ಕೇಳತಿ!" ಕುಳಿತವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು.

ಹೀಗೆ ಒಂದು ಊರು ಅವಳ ಸೈಟಿನಲ್ಲಿ ಬೆಡಗಾಗಿ ಕುಳಿತಿತು.

ಕೆಲಸ ಒಳ್ಳೆಯದಾಗಿತ್ತು. ಎಷ್ಟು ಒಳ್ಳೆಯದೆಂದರೆ ನನ್ನ ಮನೆಗೆ ಬರುವ ಅಗತ್ಯವೇ ಯಾರಿಗೂ ಉಳಿಯಲಿಲ್ಲ. ಅವರವರ ಮನೆಯಲ್ಲೇ ಕುಳಿತು ನೋಡಿಕೊಂಡರು. ಚಹಾಪುಡಿಯ ಡಬ್ಬಿ ತಿಂಗಳಾದರೂ ತೀರುತ್ತಿರಲಿಲ್ಲ. ಕೆಲಸ ಮುಗಿದಿತ್ತಾದ್ದರಿಂದ ಭಾರತಿಯ ಫೋನೂ ನಿಂತಿತ್ತು.

ಆರೇಳು ತಿಂಗಳ ನಂತರ ಬೇಡಗದ ಹುಡುಗನಿಗೂ ಮ್ಹೈಸಾಳದ ಹುಡುಗಿಗೂ ಸೈಟಿನಿಂದ ನೆಂಟಸ್ತನ ಕೂಡಿಬಂತು. ಮೊದಲಾದರೆ ಹಿರಿಯರು ಬಾಯಿಬಿಟ್ಟು ಬೆಡಗು ಕೇಳುತ್ತಿದ್ದರು. ಸೈಟು ಬೇರೆ ಬೇರೆ ಬೆಡಗು ತೋರಿಸಿದೆಯಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ತಾಳೆ ನೋಡಲಿಲ್ಲ. ಸಾಖರಪುಡಾ — ಸಕ್ಕರೆ ಪುಡಿಕೆ ಕೊಟ್ಟು ಮಾಡುವ ನಿಶ್ಚಯ — ಮ್ಹೈಸಾಳದಲ್ಲಿ. ನನಗೂ ಕರೆ ಬಂದಿತ್ತು, ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹುಡುಗಿಯ ಕೈಗೆ ಪುಡಿಕೆ ಕೊಟ್ಟಾಗಿತ್ತು. ಆಗ ಅವಳ ಅಜ್ಜಿ ಸುಮ್ಮನೆ ಮಾತಿಗೆಂದು ಬೀಗರನ್ನು, "ಯಾವ ಬೆಡಗಪಾ ನಿಮ್ಮದು?" ಎಂದು ಕೇಳಿದಳು. ಹುಡುಗನ ತಂದೆ ಹೇಳಿದ.

"ಅದು ನಮ್ಮದ ಅಲ್ಲೇನು?" ಎಂದಳು ಅಜ್ಜಿ.

ಹುಡುಗಿ ಪುಡಿಕೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು, ಚೂರೂ ಚೆಲ್ಲದ ಹಾಗೆ. ಎರಡು ತಿಂಗಳಿಂದ ಅವರಿಬ್ಬರೂ ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಈಗ ಅಣ್ಣತಂಗಿಯರಾಗಿ ಎದುರುಬದುರು ಕುಳಿತಿದ್ದರು.

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಆ ಕ್ಷಣವೇ ಎಲ್ಲ ನೆನಪಾಗಿತ್ತು — ಹನ್ನೊಂದು ಕಡೆ, ದಯವಿಟ್ಟು ವಹಿ ನೋಡಿ. ಆದರೂ ನಾನು ಎದ್ದು ನಿಂತು ಆಡಿದ ಮಾತು ಇದು:

"ನನ್ನ ವಹಿಯೊಳಗ ಎಲ್ಲಾ ಸರಿ ಐತ್ರಿ. ಆ ಹೆಣ್ಣಮಗಳು ಕೇಳದ ಮಾಡ್ಯಾಳ."

ಮಿರಜಕ್ಕೆ ಮರಳುವ ಬಸ್ಸಿನಲ್ಲಿ ಅವಳ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ನನ್ನ ಫೋನಿನಿಂದ ಅಳಿಸಿದೆ. ಅಧ್ಯಕ್ಷರು ನೋಡಿದಾಗ ಏನೂ ಇರಲಿಲ್ಲ. ಅವರು ಅವಳಿಗೆ ಫೋನು ಮಾಡಿ ವಿಚಾರಿಸಲೂ ಇಲ್ಲ. ನನ್ನ ಮಾತೇ ಸಾಕಾಯಿತು. ಅವಳನ್ನು ಹುಡುಕಿದ ಆ ವೆಬ್‌ಸೈಟಿನಲ್ಲಿ, ಕೆಲಸ ಹೇಗಿತ್ತೆಂದು ಬರೆಯುವ ಜಾಗದಲ್ಲಿ, ಒಂದೇ ನಕ್ಷತ್ರ ಕೊಟ್ಟು ಬರೆದೆ: ಕೇಳದೆ ತನಗೆ ತೋಚಿದ ಹಾಗೆ ಮಾಡುತ್ತಾಳೆ, ನಂಬಬೇಡಿ.

ಭಾರತಿ ನನಗೆ ಒಂದೇ ಸಾಲು ಕಳಿಸಿದಳು. "ಕಾಕಾ, ನಾನು ಕೇಳಿದ್ದೆ."

ಬೈಯಲಿಲ್ಲ. ಅವಳ ಫೋನಿನಲ್ಲಿ ನನ್ನ ದನಿ ಇದ್ದಿರಲೇಬೇಕು. ಅದನ್ನು ಯಾರಿಗೂ ಕಳಿಸಲಿಲ್ಲ. ನಾನು ಓದಿದೆನೆಂದು ಅವಳಿಗೆ ಕಾಣಿಸಿರುತ್ತದೆ. ಉತ್ತರ ಬರೆಯಲಿಲ್ಲ.

ಹೆದರಿ ಹಾಗೆ ಮಾಡಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ ಹೇಳುವುದು ಕಷ್ಟ — ಸೈಟು ಮುಚ್ಚಿತು, ಜನ ಮತ್ತೆ ನನ್ನ ಮನೆಗೆ ಬಂದರು. ಹಾಗಾಗಲಿ ಎಂದು ಒಳಗೆಲ್ಲೋ ಬಯಸಿದ್ದೆ. ಬಂದವರು, "ಯಂತ್ರ ಏನ ಮಾಡತೈತ್ರಿ, ನಿಮ್ಮ ವಹೀನ ಖರೆ ಕಾಕಾ," ಎನ್ನುತ್ತಿದ್ದರು. ನಾನು ಚಹಾ ಸೋಸುತ್ತಿದ್ದೆ. ಮೂರು ವರ್ಷ ಆ ಸುಳ್ಳಿನ ಜೊತೆ ಕುಳಿತು ಚಹಾ ಕುಡಿದಿದ್ದೇನೆ. ಅವರು ಎದ್ದುಹೋದ ಮೇಲೆ ಕೋಣೆ ಮೊದಲಿಗಿಂತಲೂ ಬರಿದಾಗುತ್ತಿತ್ತು.

ಕಳೆದ ವಾರ ಅವಳ ಪುಟ ತೆರೆದು ನೋಡಿದೆ. ಹಿಂದಿನವರೆಲ್ಲ ಒಳ್ಳೆಯದೇ ಬರೆದಿದ್ದಾರೆ. ಕೊನೆಯ ಮಾತು ನನ್ನದು. ಆಮೇಲಿನ ಮೂರು ವರ್ಷದಲ್ಲಿ ಯಾರೂ ಏನೂ ಬರೆದಿಲ್ಲ. ತಿದ್ದಲು ಹೋದೆ, ತಿದ್ದುವ ಅವಧಿ ಮುಗಿದಿದೆ ಎಂದು ಬಂತು. "ಹೌದವಾ, ನೀ ಕೇಳಿದ್ದಿ. ನಾನ ನೋಡಲಿಲ್ಲ," ಎಂದು ಅವಳ ನಂಬರಿಗೆ ಕಳಿಸಿದೆ. ಅದು ಅವಳಿಗೆ ಮುಟ್ಟಿದ ಗುರುತು ಇನ್ನೂ ಬಂದಿಲ್ಲ.

ಬಾಯಿಪಾಠವನ್ನು ನಂಬದೆ ಬೇಡಗದ ಹನ್ನೊಂದು ಮನೆಗಳಿಗೂ ಹೋಗಿ ಬೆಡಗು ಕೇಳಿ, ವಹಿಯಲ್ಲಿ ಬಿಡಿಸಿ ಬರೆದಿದ್ದೇನೆ. ಮ್ಹೈಸಾಳದ ಅಜ್ಜಿಯ ಮುಂದೆ ಎಲ್ಲ ಹೇಳಿದೆ. ಅವಳು ನನಗೆ ಕುಂದ್ರಿ ಎನ್ನಲಿಲ್ಲ.

ಈ ಬರಹದ ಒಂದು ಪ್ರತಿಯನ್ನು ಸಮಾಜದ ಪತ್ರಿಕೆಗೆ ಕಳಿಸುತ್ತಿದ್ದೇನೆ. ಇನ್ನೊಂದನ್ನು ವಹಿಯ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಯಾರು ಬಂದು ವಹಿ ಕೇಳಿದರೂ ಇದನ್ನು ಓದಿಯೇ ಮುಂದಿನ ಪುಟ ತಿರುವಬೇಕು. ಓದಿದ ಮೇಲೂ ಅವರು ಕುಳಿತಿದ್ದರೆ ಚಹಾಕ್ಕಿಡುತ್ತೇನೆ.