ಪಂಕಜಮ್ಮನವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು

ಪಂಕಜಮ್ಮನವರಿಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಅರ್ಚಕರ ಮನೆಯ ಮಗಳಾಗಿದ್ದಾಗ ಮಡಿ ಕೆಟ್ಟೀತೆಂದು ಹೆದರುತ್ತಿದ್ದರು. ಮಳವಳ್ಳಿಯಲ್ಲಿ ಹೊಲಿಗೆ ಟೀಚರಾದ ಮೇಲೆ ಇನ್‌ಸ್ಪೆಕ್ಟರು ಬಂದಾರೆಂದು ಹೆದರಿದರು. ಕಂಡಕ್ಟರು ಚಿಲ್ಲರೆಗಾಗಿ ಗದರಿದರೂ ಅವರ ಕೈ ಸೆರಗಿನ ತುದಿಯನ್ನು ಹುಡುಕುತ್ತಿತ್ತು. ಇಂಥವರನ್ನು ಹುಡುಗಿಯರ ಖೊಖೊ ತಂಡಕ್ಕೆ ಮ್ಯಾನೇಜರ್ ಮಾಡಿದ್ದರು. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸು ಹೋಗಲೇಬೇಕಿತ್ತು, ಸ್ಕೂಲಿನಲ್ಲಿ ಇದ್ದ ಹೆಂಗಸು ಇವರೊಬ್ಬರೇ. ಓಡಬೇಕು, ಸಿಕ್ಕಿಬೀಳಬಾರದು ಎನ್ನುವುದರಾಚೆಗೆ ಆ ಆಟದ ಬಗ್ಗೆ ಅವರಿಗೇನೂ ತಿಳಿಯದು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಜಿಲ್ಲೆಯ ಪಂದ್ಯಗಳು ಮದ್ದೂರಿನಲ್ಲಿ ನಡೆದವು. ಬೆಳಿಗ್ಗೆ ಬಸ್ಸು ಹತ್ತುವಾಗ ತಂಡದ ನಾಯಕಿ ಮಲ್ಲಿಗಮ್ಮನ ಅಪ್ಪ ಪುಟ್ಟಮಾದಯ್ಯ ಬಾಗಿಲಿಗೆ ಅಡ್ಡ ನಿಂತ. ಕಬ್ಬಿನ ಗಾಡಿ ಹೊಡೆಯುವ ಆಳು, ನಯವಾಗಿ ಮಾತಾಡಿ ಗೊತ್ತಿಲ್ಲ.

“ಅಮ್ಮೋರೆ, ದೀಪ ಅಚ್ಚೋ ಒತ್ಗೆ ನನ್ ಮಗಳು ಮನೇಲಿರ್ಬೇಕು. ಇಲ್ದಿದ್ರೆ ನಾಳೆಯಿಂದ ಆಟನೂ ಬ್ಯಾಡ, ಸ್ಕೂಲೂ ಬ್ಯಾಡ. ಮದ್ವೆ ಮಾಡ್ಬುಡ್ತೀನಿ.”

ಹಿಂದೆ ನಿಂತಿದ್ದ ಉಳಿದ ಅಪ್ಪಂದಿರು ಹೌದೆಂದು ತಲೆಯಾಡಿಸಿದರು. ಪಂಕಜಮ್ಮನವರು ಆಗಲಿ ಎಂದು ಮಾತು ಕೊಟ್ಟರು. ಬಸ್ಸು ಹೊರಡುವ ಮೊದಲೇ ಮದ್ದೂರಿನಿಂದ ಸಂಜೆ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರನ್ನು ಎರಡು ಸಲ ಕೇಳಿದರು.

ಹುಡುಗಿಯರು ಮಧ್ಯಾಹ್ನದೊಳಗೆ ಮಂಡಿ ತರಚಿಕೊಂಡು ಫೈನಲ್ಲಿಗೆ ಬಂದರು. ಅಲ್ಲಿಗೆ ಎಲ್ಲವೂ ನಿಂತುಹೋಯಿತು. ಪಂದ್ಯ ಏರ್ಪಡಿಸಿದ್ದ ಜಿಲ್ಲೆಯ ಆಟದ ಸಂಘದ ಅಧ್ಯಕ್ಷರು ಬಂದಿರಲಿಲ್ಲ. ಅವರು ಮಂಡ್ಯದ ಅಕ್ಕಿ ಗಿರಣಿಯ ಯಜಮಾನರು. ಅವರು ಯಾವ ಆಟ ಆಡಿದ್ದನ್ನೂ ಯಾರೂ ಕಂಡಿಲ್ಲ, ಆದರೆ ಮೈದಾನದಲ್ಲಿ ಕಟ್ಟಿದ ಬಟ್ಟೆಯ ಮೇಲೆ ಬರೆಸಿದ ಅವರ ಹೆಸರು ಮಾತ್ರ ಆಟದ ಹೆಸರಿಗಿಂತ ದಪ್ಪ. ಅವರ ಕಾರು ಮೈದಾನದ ಮುಂದೆಯೇ ಹಾದು ನಿಡಘಟ್ಟದ ಕಡೆ ಹೋದದ್ದನ್ನು ನೋಡಿದವರಿದ್ದರು. ಅಲ್ಲಿ ಯಾರದೋ ಗೃಹಪ್ರವೇಶವಂತೆ, ಊಟ ಮುಗಿಸಿ ಬರುತ್ತಾರಂತೆ. ಗೆದ್ದವರಿಗೆ ಕೊಡುವ ಕಪ್ಪೂ ಅದೇ ಕಾರಿನಲ್ಲಿತ್ತು. ಶಾಮಿಯಾನದ ಕೆಳಗೆ ಅವರ ಮಖಮಲ್ಲಿನ ಕುರ್ಚಿ ಖಾಲಿ ಇತ್ತು, ಜನ ಅದಕ್ಕೇ ನಡು ಬಗ್ಗಿಸಿಕೊಂಡು ಓಡಾಡುತ್ತಿದ್ದರು. ಮುಂದಾಳು ಅಂದರೆ ನಮ್ಮ ಕಡೆ ಮನುಷ್ಯನಿಗಿಂತ ಕುರ್ಚಿಯೇ ಹೆಚ್ಚು, ಏನು ಮಾಡುವುದು!

ಪಂಕಜಮ್ಮನವರು ಪಂದ್ಯ ನಡೆಸುವ ರಹೀಂ ಮೇಷ್ಟರನ್ನು ಕೇಳಿದರು. “ಸ್ವಲ್ಪ ಬೇಗ ಶುರು ಮಾಡಿಸಿ ಮೇಷ್ಟ್ರೇ. ಸಂಜೆ ಬಸ್ಸು ತಪ್ಪಿದರೆ ನಮ್ಮ ಮಕ್ಕಳ ಗತಿ ಮುಗೀತು.”

“ನನ್ನ ಕೈಲಿ ಏನಿದೆ ಅಮ್ಮಾ? ಆ ಕುರ್ಚಿಯಿಂದ ಕೈ ಎದ್ದರೇನೇ ನಾನು ವಿಷಲ್ ಊದಬೇಕು. ಹೋದ ವರ್ಷ ಮೊದಲೇ ಊದಿದವನನ್ನ ಮತ್ತೆ ಮೈದಾನಕ್ಕೇ ಕರೀಲಿಲ್ಲ.”

ಅವರಿಗೂ ಹೆದರಿಕೆಯೇ.

ಹೊತ್ತು ತೆಂಗಿನ ತಲೆಗೆ ಇಳಿಯಿತು. ಮಲ್ಲಿಗಮ್ಮ ಬಂದು ಸೆರಗು ಹಿಡಿದಳು. “ಅಮ್ಮೋರೆ, ಆಡ್ದೇನೆ ಓಗ್ಬುಡಾನ. ನಮ್ಮಪ್ಪ ಏಳ್ದಂಗೇ ಮಾಡ್ತನೆ.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಪಂಕಜಮ್ಮನವರು ಅದೇ ಸೆರಗಿನಿಂದ ಅವಳ ಕಣ್ಣು ಒರೆಸಿದರು. ಆಡದೆ ಹೋದರೆ ಮಕ್ಕಳ ಶ್ರಮವೆಲ್ಲ ನೀರುಪಾಲು, ಕಾದು ನಿಂತರೆ ಮಕ್ಕಳ ಓದೇ ನೀರುಪಾಲು. ಇನ್ನೊಂದು ಸಲ ಕೇಳೋಣವೆಂದು ಶಾಮಿಯಾನದ ಕಡೆ ಹೊರಟರು. ನೆರೆದ ಗಂಡಸರೆಲ್ಲ ತಿರುಗಿ ನೋಡಿದರು. ಬಾಯಿ ಒಣಗಿತು, ಕಣ್ಣು ಕತ್ತಲಿಟ್ಟಿತು, ಮೊಣಕಾಲಿನ ಶಕ್ತಿ ಉಡುಗಿತು. ಕೈಗೆ ಸಿಕ್ಕಿದ್ದನ್ನು ಹಿಡಿದು ಕುಸಿದು ಕೂತರು.

ಕೂತದ್ದು ಅಧ್ಯಕ್ಷರ ಕುರ್ಚಿಯಲ್ಲಿ.

ನಡು ಬಗ್ಗಿಸಿಕೊಂಡು ಓಡಾಡುತ್ತಿದ್ದವರು ನಿಂತಲ್ಲೇ ನಿಂತರು. ಅಯ್ಯೋ ನಾರಾಯಣ, ಏಳಬೇಕು ಎಂದು ಮನಸ್ಸು ಕೂಗಿಕೊಂಡರೂ ಕಾಲು ಕೇಳಲಿಲ್ಲ. ಯಾರಾದರೂ ಒಂದು ಲೋಟ ನೀರು ಕೊಡಲಿ ಎಂದು ಕೈ ಎತ್ತಿದರು. ರಹೀಂ ಮೇಷ್ಟರು ಆ ಕೈ ನೋಡಿದರು, ಇಳಿಯುತ್ತಿದ್ದ ಹೊತ್ತು ನೋಡಿದರು. ಅವರಿಗೂ ಒಂದು ನೆಪ ಬೇಕಿತ್ತೇನೋ, ವಿಷಲ್ ಊದಿಯೇಬಿಟ್ಟರು.

ಹುಡುಗಿಯರು ದೆವ್ವ ಹೊಕ್ಕವರಂತೆ ಆಡಿ ಗೆದ್ದರು. ಪಂಕಜಮ್ಮನವರು ಅದನ್ನು ಸರಿಯಾಗಿ ನೋಡಲೇ ಇಲ್ಲ. ಕಾರು ಬಂತೇ ಎಂದು ರಸ್ತೆ ನೋಡುತ್ತಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದರು. ಕಪ್ಪಿಗೆ ಕಾಯದೆ ಮಕ್ಕಳನ್ನು ಬಸ್ಸಿಗೆ ಹತ್ತಿಸಿದರು. ದಾರಿಯಲ್ಲಿ ದೊಡ್ಡಿ ಎಂಬ ಊರು ದಾಟಿದ ಮೇಲೂ ಕಾರು ಹಿಂದೆ ಬಂತೇ ಎಂದು ತಿರುಗಿ ತಿರುಗಿ ನೋಡುತ್ತಿದ್ದರು. ಮಳವಳ್ಳಿಯಲ್ಲಿ ಇಳಿದಾಗ ಇನ್ನೂ ಯಾರ ಮನೆಯಲ್ಲೂ ದೀಪ ಹಚ್ಚಿರಲಿಲ್ಲ.

ಸುದ್ದಿ ಮಾತ್ರ ಬೇರೆಯೇ ಆಗಿ ಹಬ್ಬಿತು. ಅಧ್ಯಕ್ಷರ ಕುರ್ಚಿಯನ್ನೇ ಹತ್ತಿ ಕೂತು ಆಟ ಆಡಿಸಿದ ಗಂಡೆದೆಯ ಹೆಂಗಸು! ಸಂಘದವರು ಇನ್ನು ಈಕೆ ಮ್ಯಾನೇಜರಾಗಿ ಬರಕೂಡದು ಎಂದು ಹೇಳಿ ಕಳಿಸಿದರು. ಈಕೆ ಬರದಿದ್ದರೆ ನಮ್ಮ ಮಕ್ಕಳೂ ಬರುವುದಿಲ್ಲ ಎಂದು ಅಪ್ಪಂದಿರು ಪಟ್ಟು ಹಿಡಿದರು. ಸಂಘ ತೆಪ್ಪಗಾಯಿತು.

ಮರುವರ್ಷ ತಂಡ ಮಂಡ್ಯಕ್ಕೆ ಹೊರಟಾಗ ಪಂಕಜಮ್ಮನವರಿಗೆ ತಡೆಯಲಾಗಲಿಲ್ಲ. ಪುಟ್ಟಮಾದಯ್ಯನನ್ನು ಪಕ್ಕಕ್ಕೆ ಕರೆದರು. “ನೋಡಪ್ಪ, ನಾನು ಧೈರ್ಯಸ್ಥೆ ಅಂತ ಮಗಳನ್ನ ಕಳಿಸಬೇಡ. ಅವತ್ತು ಕಾಲು ಸೋತು ಕೂತೆ. ಕೈ ಎತ್ತಿದ್ದು ನೀರಿಗೆ.”

“ಗೊತ್ತು ಕಣಮ್ಮೋರೆ,” ಎಂದ ಅವನು. “ಬಸ್ಸಲ್ಲಿ ಊರು ಬರೋಗಂಟ ನಿಮ್ ಕೈ ನಡುಗ್ತಿತ್ತು ಅಂತ ಮಲ್ಲಿಗಿ ಅವತ್ತೇ ಏಳುದ್ಲು. ಆ ಅದ್ಯಕ್ಸ ನಮ್ಮಕ್ಕಳಿಗೋಸ್ಕರ ಒಂದಿನಾನಾದ್ರೂ ಎದರ್ಕೊಂಡವ್ನಾ? ನೀವು ಎದರ್ಕೊಂಡ್ರಿ. ಅದುಕ್ಕೇ ಕಳುಸ್ತಿರಾದು. ಒತ್ತಾದ್ರೂ ಆಗ್ಲಿ, ನಿದಾನುಕ್ಕೆ ಕರ್ಕೊಂಡ್ ಬನ್ನಿ.”

ಹೊತ್ತಾದರೂ ಆಗಲಿ! ಆ ಮಾತು ಕೇಳಿ ಪಂಕಜಮ್ಮನವರಿಗೆ ಹಿಂದೆಂದೂ ಆಗದಷ್ಟು ಹೆದರಿಕೆಯಾಯಿತು. ಸೆರಗಿನ ತುದಿ ಹಿಡಿದುಕೊಂಡು, ಮಕ್ಕಳೆಲ್ಲ ಹತ್ತಿದ ಮೇಲೆ ಬಸ್ಸು ಹತ್ತಿದರು.